ಕೋರಾಡಿ ಬಸ್ಸಿನಲ್ಲಿ ಮುಗಿದ ಸಿನಿಮಾಗಳು

ಸಿನಿಮಾ ಮುಗಿಯಲು ಇನ್ನು ಸ್ವಲ್ಪವೇ ಉಳಿದಿದೆ ಅನ್ನುವಾಗ ನನ್ನ ಎಡಗಾಲು ತಾನಾಗಿಯೇ ಚಪ್ಪಲಿ ಹುಡುಕಲು ಶುರುಮಾಡುತ್ತದೆ. ನಾನೇನೂ ಹೇಳಿರುವುದಿಲ್ಲ. ನಮ್ಮದೇ ಮನೆ, ನಮ್ಮದೇ ಸೋಫಾ, ಚಪ್ಪಲಿಗಳು ಬಾಗಿಲಾಚೆ ಸ್ಟ್ಯಾಂಡಿನಲ್ಲಿ ತಣ್ಣಗಿವೆ, ಎಲ್ಲಿಗೂ ಹೋಗುವುದಿಲ್ಲ. ಆದರೂ ಪರದೆಯ ಮೇಲೆ ಹ್ಯಾಟು ಹಾಕಿದ ನಾಯಕ ಬಾಗಿಲ ಹತ್ತಿರ ಒಂದು ಕ್ಷಣ ನಿಂತ, ಹಿಂದೆ ಪಿಟೀಲುಗಳೆಲ್ಲ ಒಮ್ಮೆಲೇ ಎದ್ದವು ಅಂದರೆ ಸಾಕು, ನನ್ನ ಕಾಲು ನೆಲ ತಡಕುತ್ತದೆ, ಕೈ ಪರ್ಸಿಗೆ ಹೋಗುತ್ತದೆ. ಮರುಗಳಿಗೆ ನೋಡಿದರೆ ನಾನು ಅಡಿಗೆಮನೆಯಲ್ಲಿ ನಿಂತು, ಇಲ್ಲಿಗೆ ಯಾಕಪ್ಪಾ ಬಂದೆ ಎಂದು ಯೋಚಿಸುತ್ತಿರುತ್ತೇನೆ.

"ಕಾಲಾಗ ಭಿಂಗರಿ ಕಟಗೊಂಡ ಹುಟ್ಟ್ಯಾಳ ಇಕಿ," ಎನ್ನುತ್ತಾಳೆ ಅವ್ವ. ಭಿಂಗರಿ ಅಂದರೆ ಗಿರಗಿರ ತಿರುಗುವ ಮಕ್ಕಳ ಆಟಿಕೆ. ಅವ್ವನದು ವಿಜಯಪುರದ ಕನ್ನಡ. ಅದರ ಮೇಲೆ ನಾಗಪುರದ ಧೂಳು ಇಷ್ಟು ವರ್ಷ ಕೂತು ಕೂತು, ಯಾವ ಮಾತು ತವರಿನದು, ಯಾವುದು ಇಲ್ಲಿಯದು ಎಂದು ಅವಳಿಗೇ ಈಗ ತಿಳಿಯುವುದಿಲ್ಲ. ನನ್ನ ಬಗ್ಗೆ ಅವಳು ಹೇಳುವುದು ಮಾತ್ರ ಸುಳ್ಳಲ್ಲ. ಸರಕಾರಿ ಕಚೇರಿಯಲ್ಲಿ ನೌಕರಿ ಮಾಡಿ ಈಚೆಗೆ ನಿವೃತ್ತಳಾದೆ. ನನ್ನ ಕುರ್ಚಿಯಲ್ಲಿ ನನಗಿಂತ ಹೆಚ್ಚು ಕಾಲ ನನ್ನ ಸ್ವೆಟರೇ ಕೂತಿತ್ತು ಎಂದು ಬೀಳ್ಕೊಡುಗೆ ಭಾಷಣದಲ್ಲಿ ಸಾಹೇಬರು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ನಿಂತುಕೊಂಡೇ.

ಈ ಚಡಪಡಿಕೆ ಹುಟ್ಟಿನಿಂದ ಬಂದದ್ದೋ ಬಸ್ಸಿನಿಂದ ಬಂದದ್ದೋ ಎನ್ನುವುದು ನನಗಿನ್ನೂ ಬಗೆಹರಿದಿಲ್ಲ. ಬಸ್ಸಿನ ಮೇಲೇ ನನಗೆ ಅನುಮಾನ ಹೆಚ್ಚು. ತಡೆಯಿರಿ, ಒಲೆಯ ಮೇಲೆ ಹಾಲಿಟ್ಟಿದ್ದೆ.

ಉಕ್ಕಿರಲಿಲ್ಲ. ಎಲ್ಲಿದ್ದೆ? ಬಸ್ಸು.

ನಮ್ಮಪ್ಪ ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಹತ್ತಿರದ ಹಳ್ಳಿಯವನು. ಸೊಲ್ಲಾಪುರದಲ್ಲಿ ಡಿಪ್ಲೊಮಾ ಓದಿ, ಕೆಲಸ ಸಿಕ್ಕಿದ ದಿಕ್ಕಿಗೆ ಮುಖ ಮಾಡಿ ಹೊರಟವನು ನಾಗಪುರದ ಹತ್ತಿರದ ಕೋರಾಡಿಯ ಕಲ್ಲಿದ್ದಲು ವಿದ್ಯುತ್ ಕೇಂದ್ರಕ್ಕೆ ಬಂದು ನಿಂತ. ಅಲ್ಲಿಯ ಕಾಲೊನಿಯಲ್ಲಿ ನಾನು ಬೆಳೆದೆ. ಒಣಹಾಕಿದ ಬಿಳಿ ಬಟ್ಟೆ ಸಂಜೆಯ ಹೊತ್ತಿಗೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಅವ್ವ ಅದನ್ನು ಜಾಡಿಸಿ ಮಡಿಸುತ್ತ, "ಈ ಊರಾಗ ಬಿಳೇದು ಅನ್ನೋದು ಅನ್ನ ಒಂದs," ಎನ್ನುತ್ತಿದ್ದಳು. ಅವಳಿಗೆ ಆ ಊರು ಸೇರುತ್ತಿರಲಿಲ್ಲ. ಅಪ್ಪನಿಗೆ ಸ್ವರ್ಗ.

ಶನಿವಾರ ಕಾಲೊನಿಯಿಂದ ನಾಗಪುರಕ್ಕೆ ಬಜಾರ್ ಬಸ್ಸು ಹೊರಡುತ್ತಿತ್ತು. ಮಧ್ಯಾಹ್ನ ಹೋಗಿ ಸೀತಾಬರ್ಡಿ ಪೇಟೆಯಲ್ಲಿ ಎಲ್ಲರನ್ನೂ ಇಳಿಸುವುದು, ಸಂತೆ ಪೇಟೆ ಮುಗಿದ ಮೇಲೆ ತುಂಬಿಕೊಂಡು ವಾಪಸು ಬರುವುದು. ಡ್ರೈವರ್ ವಾನಖೇಡೆ ಕಾಕಾ ಯಾರಿಗೂ ಕಾಯುವವರಲ್ಲ. ಒಮ್ಮೆ ತಮ್ಮ ಹೆಂಡತಿಯನ್ನೇ ತರಕಾರಿ ಚೀಲದ ಸಮೇತ ಬಿಟ್ಟು ಬಂದಿದ್ದರಂತೆ. ಆ ಕಥೆಯನ್ನು ಅವರೇ ಹೆಮ್ಮೆಯಿಂದ ಹೇಳುತ್ತಿದ್ದರು, ಹೆಂಡತಿ ಬಸ್ಸಿನಲ್ಲಿ ಇಲ್ಲದಾಗ.

ನಮ್ಮ ಮನೆಗೆ ಅಮೆರಿಕದ ಸಿನಿಮಾ ಬಂದದ್ದು ಈ ಬಸ್ಸಿನ ದೆಸೆಯಿಂದ. ಅಪ್ಪನಿಗೆ ಸಿನಿಮಾದ ಹುಚ್ಚು. ಆದರೆ ಹಿಂದಿ ಸಿನಿಮಾ ನೋಡಹೊರಟರೆ ನಾಯಕನ ಅಣ್ಣತಮ್ಮಂದಿರು ಜಾತ್ರೆಯಲ್ಲಿ ಕಳೆದುಹೋದಲ್ಲಿಗೇ ಎದ್ದು ಬರಬೇಕು. ಅವರು ಮತ್ತೆ ಕೂಡುವಷ್ಟು ಹೊತ್ತು ಬಸ್ಸು ನಿಲ್ಲುವುದಿಲ್ಲ. ಇಂಗ್ಲಿಷ್ ಸಿನಿಮಾ ಚಿಕ್ಕದು. ಸದರ್ ಕಡೆಯ ಒಂದು ಟಾಕೀಸಿನಲ್ಲಿ ಹಳೆಯ ಅಮೆರಿಕನ್ ಚಿತ್ರಗಳನ್ನು ತಂದು ಹಾಕುತ್ತಿದ್ದರು, ಹೆಚ್ಚಿನವು ಕಪ್ಪು ಬಿಳುಪಿನವು. ಅಪ್ಪ ಲೆಕ್ಕ ಹಾಕಿದ. ಸಂಜೆಯ ಆಟಕ್ಕೆ ಕೂತರೆ ಕೊನೆಯ ಹತ್ತು ನಿಮಿಷ ಮಾತ್ರ ನಷ್ಟ, ಉಳಿದದ್ದೆಲ್ಲ ಲಾಭ. ಹೀಗಾಗಿ ನಮ್ಮನ್ನು ಅಮೆರಿಕಕ್ಕೆ ಗಂಟುಹಾಕಿದ್ದು ಪ್ರೀತಿಯಲ್ಲ, ಬಸ್ಸಿನ ವೇಳಾಪಟ್ಟಿ. ಪ್ರೀತಿ ಆಮೇಲೆ ಬಂತು, ಲಗ್ನ ಮಾಡಿಕೊಟ್ಟ ಮೇಲೆ ಬರುವ ಹಾಗೆ.

ಪ್ರಿಂಟುಗಳು ಎಷ್ಟು ಹಳೆಯವೆಂದರೆ ಪರದೆಯ ಮೇಲೆಲ್ಲ ಉದ್ದುದ್ದ ಗೀರು. ಅಮೆರಿಕದಲ್ಲಿ ಸದಾ ಮಳೆ, ಮನೆಯೊಳಗೂ ಮಳೆ, ಆದರೆ ಯಾರೂ ನೆನೆಯುವುದಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಅಲ್ಲಿ ಗಂಡ ಹೆಂಡತಿ ಬೇರೆ ಬೇರೆ ಮಂಚದಲ್ಲಿ ಮಲಗುತ್ತಾರೆ, ನಡುವೆ ಒಂದು ದೀಪ ಇರುತ್ತದೆ. ಬಹುಶಃ ಇಬ್ಬರಿಗೂ ಹುಷಾರಿಲ್ಲ ಎಂದುಕೊಳ್ಳುತ್ತಿದ್ದೆ. ಆ ಕಾಲದಲ್ಲಿ ಅಲ್ಲಿಯ ಸಿನಿಮಾದವರು ತಮಗೆ ತಾವೇ ಕಟ್ಟುನಿಟ್ಟಿನ ನಿಯಮ ಹಾಕಿಕೊಂಡಿದ್ದರು, ಅದಕ್ಕೇ ಆ ಎರಡು ಮಂಚ ಎಂದು ನನಗೆ ತಿಳಿದದ್ದು ಈಗೀಗ. ಅದನ್ನು ಅವ್ವನಿಗೆ ಹೇಳಿದರೆ ಅವಳಿಗೇನೂ ಆಶ್ಚರ್ಯವಾಗಲಿಲ್ಲ. "ನಿಮ್ಮಪ್ಪನ ಗೊರಕಿಗೆ ನನಗೂ ಹಂಗ ಒಂದ ನಿಯಮ ಬೇಕಾಗಿತ್ತು," ಎಂದಳು.

ಅವ್ವನಿಗೆ ಇಂಗ್ಲಿಷ್ ಬರದು. ಅಪ್ಪ ಪಕ್ಕದಲ್ಲಿ ಕೂತು ತನ್ನ ಕಂಟ್ರೋಲ್ ರೂಮಿನ ಇಂಗ್ಲಿಷಿನ ಬಲದಿಂದ ಗಟ್ಟಿಯಾಗಿ ಅನುವಾದ ಮಾಡುತ್ತಿದ್ದ. ಹಿಂದಿನವರು ಶ್ಶ್ ಎನ್ನುತ್ತಿದ್ದರು. ನಾಯಕಿ ಒಂದು ನಿಮಿಷ ಪಟಪಟ ಮಾತಾಡಿದರೆ ಅಪ್ಪ, "ಬ್ಯಾಡ ಅನ್ನಾಕತ್ಯಾಳ," ಎಂದು ಮುಗಿಸುತ್ತಿದ್ದ. "ಬ್ಯಾಡ ಅನ್ನೂವಲ್ಲಳು," ಎಂದು ಅವ್ವ ಅಲ್ಲೇ ತಿದ್ದುತ್ತಿದ್ದಳು. "ಕೈ ನೋಡ್ರಿ. ಬ್ಯಾಡ ಅನ್ನೋಕಿ ಆ ಚಹಾದ ಕಪ್ಪ ಹಂಗ ಹಿಡಿತಾಳೇನು?" ಅವಳು ಜನರ ಕೈ ನೋಡುತ್ತಿದ್ದಳು, ಕಾಲು ನೋಡುತ್ತಿದ್ದಳು, ಕುರ್ಚಿಯನ್ನು ಹೇಗೆ ಎಳೆದುಕೊಂಡರು ಎನ್ನುವುದನ್ನು ನೋಡುತ್ತಿದ್ದಳು. ಸಾಮಾನ್ಯವಾಗಿ ಅವಳದೇ ಸರಿಯಾಗುತ್ತಿತ್ತು.

ಆಮೇಲೆ ಹೊರಗಿನಿಂದ ವಾನಖೇಡೆ ಕಾಕಾರ ಹಾರ್ನು. ಸೀತಾಬರ್ಡಿಯಿಂದ ಬಂದ ಬಸ್ಸು ಸದರಿನ ಮೂಲೆಯಲ್ಲಿ ನಿಂತು ಸಿನಿಮಾದವರನ್ನು ಕರೆಯುವ ಕ್ರಮ ಅದು. ಟಾಕೀಸಿನ ಒಳಗೂ ಕೇಳುತ್ತಿತ್ತು. ಅಲ್ಲಲ್ಲಿ ಕೂತಿದ್ದ ಕಾಲೊನಿಯವರೆಲ್ಲ ದಡಬಡನೆ ಏಳುತ್ತಿದ್ದರು. ನಾಯಕಿ ಸಾಯುತ್ತಿದ್ದಳೋ ಬದುಕುತ್ತಿದ್ದಳೋ, ನಾವು ಅವಳ ಮುಖದ ಮೇಲೆ ನಮ್ಮ ಚೀಲಗಳ ನೆರಳು ಬೀಳಿಸುತ್ತ ಹಾದುಹೋಗುತ್ತಿದ್ದೆವು. ಊರಿನ ಪ್ರೇಕ್ಷಕರು ಬೈದು ಬೈದು ಕೊನೆಗೆ ಅದನ್ನೇ ಗಡಿಯಾರ ಮಾಡಿಕೊಂಡರು. "ಕೋರಾಡಿವಾಲೇ ಉಠ್ ಗಯೇ," ಎಂದು ಯಾರಾದರೂ ಅಂದರೆ ಸಾಕು, ಇನ್ನು ಹತ್ತು ನಿಮಿಷ ಎಂದು ತಿಳಿದು ಅವರೂ ಕಾಲಿನಿಂದ ಚಪ್ಪಲಿ ಹುಡುಕತೊಡಗುತ್ತಿದ್ದರು. ಹೊರಗೆ ಕಾಕಾ, "ಚಲಾ ಚಲಾ, ಗಾಡೀ ಸುಟ್ಲಿ!" ನಡೀರಿ, ಬಸ್ಸು ಬಿಟ್ಟಿತು ಎಂದು ಕೂಗುತ್ತಿದ್ದರು.

ಅಂತ್ಯ ನಡೆಯುತ್ತಿದ್ದದ್ದು ಬಸ್ಸಿನಲ್ಲಿ. ಮಾನಕಾಪುರ ದಾಟುವ ಹೊತ್ತಿಗೆ ಒಬ್ಬೊಬ್ಬರೂ ತಮ್ಮ ತಮ್ಮ ಅಂತ್ಯ ಹೇಳಲೇಬೇಕು. ಇದು ಹೇಗೆ ಶುರುವಾಯಿತೋ ತಿಳಿಯದು, ನನಗೆ ಬುದ್ಧಿ ತಿಳಿದಾಗಿನಿಂದ ಇತ್ತು. ಅಪ್ಪನ ಅಂತ್ಯ ಎಲ್ಲ ಸಿನಿಮಾಕ್ಕೂ ಒಂದೇ: "ಮನೀಗಿ ಬಂದರು, ಊಟಾ ಮಾಡಿದರು, ಮಲಕೊಂಡರು." ಕಳ್ಳರಾಗಲಿ, ಕುದುರೆ ಸವಾರರಾಗಲಿ, ಯುದ್ಧಕ್ಕೆ ಹೋದವರಾಗಲಿ, ಅಪ್ಪ ಎಲ್ಲರನ್ನೂ ಮನೆಗೆ ಕರೆತಂದು ಉಣ್ಣಿಸಿ ಮಲಗಿಸುತ್ತಿದ್ದ. ಅವ್ವನ ಅಂತ್ಯದಲ್ಲಿ ಯಾರಾದರೂ ಊರು ಬಿಟ್ಟು ಹೋಗಲೇಬೇಕು. ನಾನು ಎಲ್ಲರನ್ನೂ ಕೊಲ್ಲುತ್ತಿದ್ದೆ, ಯಾಕೆಂದರೆ ಹಾಗೆ ಮಾಡಿದರೆ ಬೇಗ ಮುಗಿಯುತ್ತದೆ.

ಕಾಲೇಜಿಗೆ ಬಂದ ಮೇಲೆ ಗೆಳತಿಯರ ಜೊತೆ ಮೊದಲ ಸಲ ಒಂದು ಇಂಗ್ಲಿಷ್ ಸಿನಿಮಾವನ್ನು ಪೂರ್ತಿ ನೋಡಿದೆ. ಪೂರ್ತಿ ಅಂದರೆ, ನಾನು ರೂಢಿಯಂತೆ ಎದ್ದು ನಿಂತಿದ್ದೆ, ಗೆಳತಿ ಓಢಣಿ ಹಿಡಿದು ಕೂರಿಸಿದಳು. ಕೊನೆಗೆ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ದಿ ಎಂಡ್' ಎಂದು ಬಂತು. ಅದನ್ನು ಬರೆದೂ ತೋರಿಸುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಲಗ್ನವಾದ ಹೊಸದರಲ್ಲಿ ಗಂಡನ ಜೊತೆ ಸಿನಿಮಾಕ್ಕೆ ಹೋದಾಗಲೂ ಹೀಗೇ ನಡುವೆ ಎದ್ದೆ. ತಾನೇನೋ ತಪ್ಪು ಮಾಡಿದೆ ಎಂದು ಆ ಪ್ರಾಣಿ ಹೆದರಿ ಹಿಂದೆಯೇ ಓಡಿ ಬಂತು. ಈಗ ರೂಢಿಯಾಗಿದೆ. ನಾನು ಎದ್ದರೆ, "ಮುಗೀಲಿಕ್ಕೆ ಬಂತಾ? ಹಂಗಾರ ಚಹಾ ಮಾಡು," ಎನ್ನುತ್ತಾರೆ.

ಇಷ್ಟೆಲ್ಲ ಹೇಳುತ್ತಿರುವುದು ಒಂದು ಸಿನಿಮಾದ ಸಲುವಾಗಿ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ಈಗಲೇ ಮೊಬೈಲು ತೆಗೆದು ಅಂತ್ಯ ನೋಡಿಬಿಡುತ್ತೀರಿ. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ನಮ್ಮ ಮನೆಯಲ್ಲಿ ಅದಕ್ಕೆ 'ಪಿಯಾನೋದವ' ಎಂದೇ ಹೆಸರು. ನದಿ ದಂಡೆಯ ಒಂದು ಸಣ್ಣ ಊರು. ಅಲ್ಲಿ ಟೋಪಿ ಅಂಗಡಿ ಇಟ್ಟುಕೊಂಡ ಒಬ್ಬ ವಿಧವೆ, ಅವಳ ಮನೆಯಲ್ಲಿ ಗಂಡನ ಕಾಲದ ಒಂದು ಪಿಯಾನೋ. ವರ್ಷಕ್ಕೊಮ್ಮೆ ಅದರ ಸ್ವರ ಸರಿಮಾಡಲು ಒಬ್ಬ ಬರುತ್ತಾನೆ. ಈ ಸಲ ಬಂದವನು ಹೊರಡಲು ತಡ ಮಾಡುತ್ತಾನೆ. ಅವಳು ಹಾಡುತ್ತಾಳೆ, ಅವನು ನುಡಿಸುತ್ತಾನೆ. ಇರು ಎಂದು ಅವಳು ಹೇಳುವುದಿಲ್ಲ, ಇರಲೇ ಎಂದು ಅವನು ಕೇಳುವುದಿಲ್ಲ. ಕೊನೆಗೆ ಅವನು ಪೆಟ್ಟಿಗೆ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತಿದ್ದಾನೆ. ಇತ್ತ ಅವಳು ನೋಡಿದರೆ, ಬಡಿದರೆ ಸ್ವರ ಹೊಮ್ಮುವ ಅವನ ಕವಲುಕಡ್ಡಿ ಪಿಯಾನೋದ ಮೇಲೇ ಉಳಿದಿದೆ. ಅವಳು ಅದನ್ನು ಕೈಗೆತ್ತಿಕೊಳ್ಳುತ್ತಾಳೆ. ದೂರದಲ್ಲಿ ಅವನ ಬಸ್ಸು ಬರುತ್ತದೆ. ಅಷ್ಟರಲ್ಲಿ ನಮ್ಮ ಬಸ್ಸಿನ ಹಾರ್ನು.

ಆವತ್ತು ಬಸ್ಸಿನಲ್ಲಿ ಶುರುವಾದ ಜಗಳ ಕೋರಾಡಿಯಲ್ಲಿ ಇಳಿದರೂ ಮುಗಿಯಲಿಲ್ಲ.

"ಅವ ಹತ್ತಂಗಿಲ್ಲ," ಎಂದ ಅಪ್ಪ. "ಹೊಳ್ಳಿ ಮನೀಗಿ ಬರತಾನ. ಹತ್ಯಾರ ಬಿಟ್ಟು ಹೋಗೋ ಫಿಟ್ಟರನ್ನ ನಾ ಇನ್ನೂ ನೋಡಿಲ್ಲ."

"ಬೂಟಿನ ಲೇಸ ನೋಡಿದ್ರೇನು?" ಎಂದಳು ಅವ್ವ. "ಎರಡೆರಡ ಗಂಟ ಹಾಕ್ಯಾನ. ಉಳಿಯೋಂವ ಹಂಗ್ಯಾಕ ಕಟ್ಟತಾನ? ಅವ ಹೋದ."

ಅಲ್ಲಿಂದ ಮುಂದೆ ಅದು ನಮ್ಮ ಮನೆಯ ಮಾತಾಯಿತು. ಸಾರಿಗೆ ಉಪ್ಪು ಹೆಚ್ಚಾದಾಗ, ನೆಂಟರು ಬಂದು ಹೋದಾಗ, ಅಪ್ಪನ ಬಡ್ತಿ ತಪ್ಪಿದಾಗ, ಸುಮ್ಮನೆ ಕೂತಾಗ, ಇಬ್ಬರಲ್ಲಿ ಒಬ್ಬರು ಶುರುಮಾಡುತ್ತಿದ್ದರು. ಅವ್ವ ಒಮ್ಮೆ ಸಿಟ್ಟಾಗಿ ತವರಿಗೆ ಹೊರಟು ನಿಂತಿದ್ದಳು. ಯಾಕೆ ಸಿಟ್ಟು ಎನ್ನುವುದು ನನಗೆ ಮರೆತಿದೆ. ಅಪ್ಪ ಅವಳ ಚಪ್ಪಲಿಯನ್ನು ಬಗ್ಗಿ ನೋಡಿ, "ಲೇಸ ಇಲ್ಲ. ಹಂಗಾರ ಹೋಗೂದಿಲ್ಲ ಬಿಡು," ಎಂದ. ಅವ್ವನಿಗೆ ನಗು ತಡೆಯಲಾಗಲಿಲ್ಲ, ಚೀಲ ಕೆಳಗಿಟ್ಟಳು. ಆ ಸಿನಿಮಾದ ಹಾಡಿನ ಧಾಟಿಯೂ ಅವಳಿಗೆ ಅಂಟಿಕೊಂಡಿತು. ಮಾತುಗಳು ಗೊತ್ತಿಲ್ಲ, ಬರೀ ಲಲಲಾ. ಜೋಳದ ರೊಟ್ಟಿ ಬಡಿಯುವ ತಾಳಕ್ಕೆ ಆ ಅಮೆರಿಕದ ಧಾಟಿ ಎಷ್ಟು ಸರಿಯಾಗಿ ಕೂರುತ್ತಿತ್ತೆಂದರೆ, ಅದು ಉತ್ತರ ಕರ್ನಾಟಕದ್ದೇ ಎಂದು ನಾನು ಯಾರ ಹತ್ತಿರವಾದರೂ ವಾದಿಸಬಲ್ಲೆ.

ಕೆಲವು ವರ್ಷಗಳ ಹಿಂದೆ ಅಪ್ಪ ನಾಗಪುರದ ಧಂತೋಲಿಯ ಒಂದು ಆಸ್ಪತ್ರೆಯಲ್ಲಿದ್ದ. ಮಾತು ಕಡಿಮೆಯಾಗಿತ್ತು. ಒಂದು ಮಧ್ಯಾಹ್ನ ಕಣ್ಣು ಬಿಟ್ಟು ಅವ್ವನನ್ನು ಕೇಳಿದ: "ಆ ಪಿಯಾನೋದವ ಹೋದ್ನೋ, ಉಳದ್ನೋ?"

ಅವ್ವ ಅವನ ಕಾಲ ಮೇಲಿನ ಚಾದರ ಸರಿಮಾಡುತ್ತಿದ್ದಳು. ತಲೆ ಎತ್ತದೆ, "ಉಳದಾ," ಎಂದಳು. "ನೀವು ಹೇಳಿದ್ದs ಬರೋಬರ್. ಹೊಳ್ಳಿ ಮನೀಗಿ ಬಂದಾ."

ಅಪ್ಪನ ಮುಖ ಅರಳಿತು. "ಮತ್ತ? ಹತ್ಯಾರ ಬಿಟ್ಟು ಹ್ಯಾಂಗ ಹೋಗತಾನ," ಎಂದು ಕಣ್ಣು ಮುಚ್ಚಿಕೊಂಡ. ಅದೇ ವಾರ ಅಪ್ಪ ಹೋದ.

ಅವ್ವ ಯಾವತ್ತೂ ಸೋಲು ಒಪ್ಪಿದವಳಲ್ಲ. ಅಂಥವಳು ಆವತ್ತು ಒಪ್ಪಿಕೊಂಡುಬಿಟ್ಟಳು ಎನ್ನುವುದು ಅಲ್ಲಿಂದ ನನಗೆ ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ಸಾಯುವವನಿಗೆ ಸಮಾಧಾನ ಹೇಳಿದಳು, ಅಷ್ಟೇ, ಅದು ನನಗೂ ತಿಳಿಯುತ್ತದೆ. ಆದರೆ ಅಪ್ಪ ನಂಬಿ ಹೋದದ್ದು ನಿಜವಾಗಿರಬೇಕಿತ್ತು ನನಗೆ. ಬೇರೇನೂ ಅಲ್ಲ. ಎಲ್ಲರನ್ನೂ ಮನೆಗೆ ತಂದು ಮಲಗಿಸುತ್ತಿದ್ದ ಮನುಷ್ಯ, ಅವನ ಆ ಒಂದು ಮಾತಾದರೂ ಸರಿಯಾಗಿರಲಿ ಎಂದು ಒಳಗೊಳಗೇ ಹಟ ಹಿಡಿದಿದ್ದೆ.

ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ, ಅಂದರೆ ಮನೆಯಲ್ಲಿ ಓಡಾಡತೊಡಗಿದ ಮೇಲೆ, ಆ ಹಟ ಹೆಚ್ಚಾಯಿತು. ಹೆಸರು ಗೊತ್ತಿಲ್ಲ, ನಟರು ಗೊತ್ತಿಲ್ಲ. ಮೊಬೈಲಿನಲ್ಲಿ ಅಮೆರಿಕದ ಸಿನಿಮಾ ಚರಿತ್ರೆಯನ್ನೇ ಅಗೆದೆ. ಒಂದು ಓದಲು ಹೋಗಿ ಇನ್ನೊಂದಕ್ಕೆ ಹಾರುವುದು, ಅಲ್ಲಿಂದ ಮತ್ತೊಂದಕ್ಕೆ. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಕೆಳಗೆ ಕೂತು ಪಿಯಾನೋ ನುಡಿಸುತ್ತಿದ್ದವರು ಚಿತ್ರಕ್ಕೆ ಮಾತು ಬಂದ ಕೂಡಲೇ ಕೆಲಸ ಕಳೆದುಕೊಂಡರಂತೆ. ನಮ್ಮ ಪಿಯಾನೋದವನೂ ಅಂಥವನೇ ಇರಬಹುದೇ ಎಂದು ಒಂದು ಇಡೀ ಬೆಳಗ್ಗೆ ಕಳೆದೆ, ಉಪ್ಪಿಟ್ಟು ತಳ ಹತ್ತಿತು. ನಟ ನಟಿಯರನ್ನು ಕಂಪನಿಗಳು ವರ್ಷಗಟ್ಟಲೆ ಕರಾರಿನಲ್ಲಿ ಕಟ್ಟಿಹಾಕಿ, ಇವತ್ತು ರಾಣಿ, ನಾಳೆ ಅಡಿಗೆಯವಳು ಎಂದು ಹೇಳಿದ ಪಾತ್ರ ಮಾಡಿಸುತ್ತಿದ್ದವಂತೆ. ವರ್ಗಾವಣೆಯ ಆರ್ಡರು ಕೈಗೆ ಬಂದು ಗೊತ್ತಿದ್ದ ನನಗೆ ಅವರ ಕಷ್ಟ ಚೆನ್ನಾಗಿ ಅರ್ಥವಾಯಿತು.

ಇನ್ನೊಂದು ಸಂಗತಿ ಓದಿದಾಗ ಮಾತ್ರ ಎದ್ದು ನಿಂತುಬಿಟ್ಟೆ. ಹೇಗೂ ನಿಂತೇ ಓದುತ್ತಿದ್ದೆ ಅನ್ನಿ. ಸಿನಿಮಾ ಬಿಡುಗಡೆಗೆ ಮೊದಲು ಅದನ್ನು ಯಾವುದಾದರೂ ಊರಿನ ಜನಕ್ಕೆ ತೋರಿಸಿ, ಅವರಿಗೆ ಅಂತ್ಯ ಹಿಡಿಸದಿದ್ದರೆ ಬೇರೆ ಅಂತ್ಯವನ್ನು ಚಿತ್ರಿಸಿ ಸೇರಿಸುತ್ತಿದ್ದರಂತೆ. ಅಂದರೆ ವಾನಖೇಡೆ ಕಾಕಾರ ಬಸ್ಸಿನಲ್ಲಿ ನಾವು ಮಾಡುತ್ತಿದ್ದುದನ್ನೇ ಅಲ್ಲಿ ದೊಡ್ಡ ಕಂಪನಿಗಳು ಮಾಡುತ್ತಿದ್ದವು. ಹಾಗಿದ್ದರೆ ಅಪ್ಪನ ಅಂತ್ಯವನ್ನೂ ಯಾರೋ ಚಿತ್ರಿಸಿರಬಹುದು, ಯಾವುದೋ ಡಬ್ಬಿಯಲ್ಲಿ ಅದು ಬಿದ್ದಿರಬಹುದು ಎಂದು ಆಸೆಯಾಯಿತು.

ಈ ನಡುವೆ ಅವ್ವನ ಕಣ್ಣು ಮಂಜಾಗತೊಡಗಿತು. ದೃಷ್ಟಿಯ ನಡುಭಾಗ ಹೋಗುತ್ತಿದೆ, ಅಂಚು ಉಳಿಯುತ್ತದೆ ಎಂದರು ಡಾಕ್ಟರು. ಅವ್ವ ಅದನ್ನು ಇನ್ನೂ ಸರಿಯಾಗಿ ಹೇಳಿದಳು: "ನಿನ್ನ ಕಿವಿ ಕಾಣಸ್ತಾವ. ಮಾರಿ ಇಲ್ಲ." ನಾನು ಆಚೆ ಹೋಗಿ ಅತ್ತೆ. ಅಳುತ್ತಲೇ ಕೂಲರಿಗೆ ನೀರು ಹಾಕಿದೆ. ಆಮೇಲೆ ಒಂದೇ ಯೋಚನೆ ಹಿಡಿಯಿತು. ಇಷ್ಟು ವರ್ಷ ಯಾವುದಕ್ಕಾಗಿ ಜಗಳಾಡಿದಳೋ ಅದರ ಕೊನೆಯನ್ನು ಕಣ್ಣು ಪೂರ್ತಿ ಹೋಗುವ ಮೊದಲು ಅವಳು ನೋಡಬೇಡವೇ? ಅವಳಿಗೆ ತೋರಿಸಬೇಕು ಎನ್ನುವುದರಲ್ಲಿ ನನಗೆ ನೋಡಬೇಕು ಎನ್ನುವುದು ಎಷ್ಟಿತ್ತು ಎಂದು ಕೇಳಬೇಡಿ.

ಹುಡುಕಿಕೊಟ್ಟವಳು ನನ್ನ ಮಗಳು ಮೇಘಾ. ಇಲ್ಲಿಯೇ ಒಂದು ಆಸ್ಪತ್ರೆಯಲ್ಲಿ ಫಿಜಿಯೋಥೆರಪಿಸ್ಟ್. ಅವಳ ಕನ್ನಡ ಅಂದರೆ ಅರ್ಧ ಮರಾಠಿ, ಕಾಲು ಹಿಂದಿ, ಉಳಿದದ್ದು ಅಜ್ಜಿಯಿಂದ ಬಂದ ಬೈಗಳು. ಅವ್ವ ರೊಟ್ಟಿ ಬಡಿಯುತ್ತ ಆ ಧಾಟಿ ಗುನುಗುತ್ತಿದ್ದಾಗ ಇದು ಯಾವ ಹಾಡು ಹೇಳು ಎಂದು ಇವಳು ಹಿಂದೆ ನಿಂತು ಮೊಬೈಲಿಗೆ ಕೇಳಿಸಿದಳು. ಕಣ್ಣು ಮಂಜಾದರೂ ಅವ್ವನ ರೊಟ್ಟಿ ದುಂಡಗೇ ಬರುತ್ತದೆ, ಅಂಗೈಗೆ ಲೆಕ್ಕ ಗೊತ್ತು. ಮೊಬೈಲು ಮೊದಲು ಅದನ್ನು ಒಂದು ಮರಾಠಿ ಅಭಂಗ ಎಂದಿತು. ಆಮೇಲೆ ಹಲ್ಲುಜ್ಜುವ ಪೇಸ್ಟಿನ ಜಾಹೀರಾತು ಎಂದಿತು. ರೊಟ್ಟಿಯ ಸದ್ದು ನಿಂತ ಮೇಲೆ ಕೇಳಿಸಿದಾಗ ಒಂದು ಹಳೆಯ ಅಮೆರಿಕನ್ ಹಾಡಿನ ಹೆಸರು ಬಂತು, ಅದರ ಹಿಂದೆಯೇ ಸಿನಿಮಾದ ಹೆಸರು, ಅದರ ಹಿಂದೆಯೇ ಇಡೀ ಸಿನಿಮಾ.

"ಆಈ, ಸಿಕ್ಕತು! ಎಂಡಿಂಗ್ ಬಘು ಕಾ ಪಹಿಲೇ?" ಎಂದಳು. ಮೊದಲು ಅಂತ್ಯ ನೋಡೋಣವೇ ಎಂದು.

ನನ್ನ ಬೆರಳು ತುರಿಸಿತು. ಆದರೆ ಬೇಡ ಎಂದೆ. ಅವ್ವನ ಜೊತೆಗೇ ನೋಡಬೇಕು. ಜೀವಮಾನದಲ್ಲಿ ನಾನು ತಾಳ್ಮೆ ತೋರಿಸಿದ್ದು ಅದೊಂದು ಸಲ.

ಅವ್ವನಿಗೆ ಹೇಳಿದರೆ ಅವಳ ಮುಖ ಯಾಕೋ ಸಣ್ಣಗಾಯಿತು. "ನಾಳೆ ನೋಡೂಣು," ಎಂದಳು. ಮರುದಿನ ತಲೆನೋವು. ಅದರ ಮರುದಿನ ಸೋಮವಾರ. ಸೋಮವಾರಕ್ಕೂ ಸಿನಿಮಾಕ್ಕೂ ಏನು ಸಂಬಂಧ ಎಂದರೆ, "ಅದ ಒಂದ ಇರತೈತಿ," ಎಂದಳು. ನಾನು ಮನೆಯ ಈ ತುದಿಯಿಂದ ಆ ತುದಿಗೆ ಓಡಾಡಿದೆ. ಕಪಾಟು ಜೋಡಿಸಿದೆ, ಜೋಡಿಸಿದ್ದನ್ನು ಕೆಡವಿ ಮತ್ತೆ ಜೋಡಿಸಿದೆ. ಕೊನೆಗೆ ತಾಳಲಾರದೆ ಕೂಗಾಡಿದೆ.

"ಯಾಕವ್ವಾ, ಸೋಲತೀನಿ ಅಂತ ಹೆದರಿಕ್ಯೇನು ನಿನಗ? ಅಪ್ಪನ ಮುಂದ ಆಗಲೇ ಒಪ್ಪಿಕೊಂಡೀಯಲ್ಲ!"

ಅವಳು ಗೋಡೆ ಹಿಡಿದು ಸೋಫಾದ ತನಕ ಬಂದಳು. ಆಮೇಲೆ, "ಹಚ್ಚು ನಡಿ," ಎಂದಳು. "ಕೂಲರ್ ಬಂದ ಮಾಡು. ಹಾಡ ಕೇಳಬೇಕು."

ಬೇಸಿಗೆಯ ಸಂಜೆ, ಕೂಲರಿಲ್ಲದೆ ಬೆವರುತ್ತ ಕೂತೆವು. ಅವ್ವ ಟಿ.ವಿ.ಗೆ ಓರೆಯಾಗಿ, ಗೋಡೆಯ ಕಡೆ ಮುಖ ಮಾಡಿ ಕೂತಳು. ಹಾಗೆ ಕೂತರೆ ಕಣ್ಣಿನ ಅಂಚಿಗೆ ಸಿನಿಮಾ ಕಾಣುತ್ತದಂತೆ. ಆ ಮಳೆಗೀರುಗಳೆಲ್ಲ ಎಲ್ಲಿ ಹೋದವೋ, ಚಿತ್ರ ಸ್ವಚ್ಛವಾಗಿತ್ತು. ಟೋಪಿ ಅಂಗಡಿ ಬಂತು, ಪಿಯಾನೋ ಬಂತು. ಆ ಹೆಂಗಸು ಹಾಡತೊಡಗಿದಾಗ ಅವ್ವನ ಅಂಗೈ ತೊಡೆಯ ಮೇಲೆ ರೊಟ್ಟಿ ಬಡಿಯುತ್ತಿತ್ತು. ನಾನು ನಾಲ್ಕು ಸಲ ಎದ್ದು ಕೂತಿರಬೇಕು. ಮೇಘಾ ಒಂದು ಸಲವೂ ಮೊಬೈಲು ನೋಡಲಿಲ್ಲ, ಇದನ್ನು ಯಾರಾದರೂ ಬರೆದಿಡಬೇಕು.

ಬಸ್ ಸ್ಟಾಪು ಬಂತು. ಅವನು ಪೆಟ್ಟಿಗೆ ಹಿಡಿದು ನಿಂತ. ಅವಳು ಕಡ್ಡಿಯನ್ನು ಕೈಗೆತ್ತಿಕೊಂಡಳು. ದೂರದಲ್ಲಿ ಬಸ್ಸು. ನನ್ನ ಎಡಗಾಲು ಚಪ್ಪಲಿ ಹುಡುಕಿತು. ಅವ್ವ ಕತ್ತಲ್ಲಿ ಕೈ ಚಾಚಿದವಳಂತೆ ಚಾಚಿ ನನ್ನ ಮೊಣಕಾಲು ಹಿಡಿದಳು.

"ಕುಂದರ," ಎಂದಳು. "ಬಸ್ಸ ಯಾವುದೂ ಇಲ್ಲ ಈಗ."

ಕೂತೆ. ಬಸ್ಸು ಬಂದು ನಿಂತಿತು, ಅದರ ಬಾಗಿಲು ತೆರೆಯಿತು. ನನಗೆ ನೋಡಲಾಗಲಿಲ್ಲ. ಇಷ್ಟು ವರ್ಷ ಕಾದು, ಆ ಗಳಿಗೆಯಲ್ಲಿ ನಾನು ಪರದೆ ಬಿಟ್ಟು ಅವ್ವನ ಮುಖ ನೋಡುತ್ತಿದ್ದೆ. ಅವಳು ಗೋಡೆ ನೋಡುತ್ತಿದ್ದಳು. ಬಸ್ಸಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ನಾನು ತಿರುಗಿದಾಗ ಸ್ಟಾಪಿನಲ್ಲಿ ಯಾರೂ ಇರಲಿಲ್ಲ, ರಸ್ತೆಯ ಮೇಲೆ ಧೂಳಿತ್ತು. ಮನೆಯಲ್ಲಿ ಆ ಹೆಂಗಸು ಕವಲುಕಡ್ಡಿಯನ್ನು ಪಿಯಾನೋದ ಅಂಚಿಗೆ ಬಡಿದಳು. ಒಂದೇ ಸ್ವರ, ಬಹಳ ಹೊತ್ತು ಕೇಳಿಸಿತು. ಆಮೇಲೆ ದೊಡ್ಡ ಅಕ್ಷರಗಳು.

ಹೋಗಿಬಿಟ್ಟಿದ್ದ. ಅಪ್ಪ ಸೋತಿದ್ದ. ನನಗೆ ದುಃಖ ಒತ್ತರಿಸಿ ಬಂತು. ಸತ್ತವನಿಗೆ ಸೋಲೇನು ಗೆಲುವೇನು ಎಂದು ನೀವು ಕೇಳಬಹುದು. ನನಗೆ ಗೊತ್ತಿಲ್ಲ, ಆದರೆ ಅಳು ಬಂತು. ಅವ್ವನಿಗೆ ಹೇಗೆ ಹೇಳುವುದು ಎಂದು ಬಾಯಿ ತೆರೆದೆ.

"ಹೋದನಲ್ಲ," ಎಂದಳು ಅವಳೇ. "ನನಗ ಗೊತ್ತಿತ್ತು."

"ಲೇಸಿನ ಗಂಟ ನೋಡಿ?"

"ಗಂಟೇನು, ಕೊನೀತನಕಾ ನೋಡೀನಿ ನಾ. ನಾವು ಅರ್ಧಕ್ಕ ಎದ್ದು ಬಂದ್ವಲ್ಲ, ಅದೇ ವಾರ ಮಗ್ಗಲಮನಿ ದೇಶಮುಖ ಕಾಕು ಜೋಡಿ ಅರಿವಿ ತರಲಿಕ್ಕೆ ನಾಗಪುರಕ್ಕ ಹೋಗಿದ್ದೆನಲ್ಲ? ನಿಮ್ಮಪ್ಪ ಡ್ಯೂಟಿ ಮ್ಯಾಲಿದ್ದರು. ಅಕಿನ್ನ ಕರಕೊಂಡು ಮಧ್ಯಾಹ್ನದ ಆಟಕ್ಕ ಹೋಗಿ ನೋಡಿ ಬಂದೆ. ತಡಕೊಳ್ಳಲಿಕ್ಕೆ ಆಗಲಿಲ್ಲ ನನಗ."

ಭಿಂಗರಿ ನನ್ನ ಕಾಲಿಗೆ ಎಲ್ಲಿಂದ ಬಂತು ಎಂದು ಆಗ ತಿಳಿಯಿತು. ಆದರೆ ಬಾಯಿಂದ ಬಂದದ್ದು ಬೇರೆ ಮಾತು. "ಮತ್ತ ಹೇಳಲಿಲ್ಲ ಯಾಕವ್ವಾ? ನೀ ಗೆದ್ದಿದ್ದೀ!"

"ಗೆದ್ದು ಏನ ಮಾಡ್ಲಿ? ಹೇಳಿದ್ದರ ಮಾತು ಅವತ್ತs ಮುಗೀತಿತ್ತು. ಆ ಬೂದಿ ಊರಾಗ ಮತ್ತೇನಿತ್ತು ನಮಗ, ಕುಂತು ಮಾತಾಡಲಿಕ್ಕೆ?" ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡಳು. "ಅವರು ಹೋದ ಮ್ಯಾಲೂ ಜಗಳ ಒಂದ ಉಳದಿತ್ತು. ನೀ ಅದನ್ನೂ ಇವತ್ತ ಮುಗಿಸಿದಿ."

ನನಗೆ ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸಿತು. ಸೋಮವಾರ ಯಾಕೆ ಬೇಡವಾಗಿತ್ತು ಎನ್ನುವುದು ಈಗ ಹೊಳೆದು ಏನು ಉಪಯೋಗ? ಎದ್ದು ಹೋಗಿ ಕೂಲರ್ ಹಚ್ಚಲು ನೋಡಿದೆ, ಅವ್ವ ಮೊಣಕಾಲು ಬಿಡಲಿಲ್ಲ.

"ತಡಿ. ಒಂದ ಗೊತ್ತಾಗಿಲ್ಲ ನನಗ," ಎಂದಳು. "ಬಸ್ಸ ಹತ್ತೋಕಿಂತ ಮುಂಚೆ ಹೊಳ್ಳಿ ಅಕಿ ಮನಿ ಕಡೆ ಒಂದ ಸಲ ನೋಡಿದ್ನೇನು? ಆವತ್ತ ಟಾಕೀಸಿನಾಗ ಬರೋಬರ್ ಅದs ಹೊತ್ತಿಗೆ ಯಾವನೋ ಖಾಪರಖೇಡಾದ ಬಸ್ಸಿಗೆ ಹೋಗೋಂವ ನನ್ನ ಮುಂದ ಎದ್ದ ನಿಂತ. ಸುಟ್ಟಬರಲಿ ಅವನ ಮಾರಿ. ಇವತ್ತರ ನೋಡಬೇಕಂದರ ಕಣ್ಣಿಗಿ ಕಾಣಲಿಲ್ಲ. ನೀ ನೋಡಿದಿಯಲ್ಲ, ಹೇಳು."

ನಾನು ನೋಡಿರಲಿಲ್ಲ. ನಾನು ಅವಳನ್ನು ನೋಡುತ್ತಿದ್ದೆ.

ಮೇಘಾ ರಿಮೋಟ್ ಎತ್ತಿಕೊಂಡಳು. "ಆಜಿ, ರಿವೈಂಡ್ ಕರೂ? ಎಕ್ ಮಿನಿಟ್ ಲಾಗೇಲ್." ಹಿಂದಕ್ಕೆ ತಿರುಗಿಸಲೇ, ಒಂದೇ ನಿಮಿಷ ಎಂದು.

"ಬ್ಯಾಡ," ಎಂದೆವು ನಾವಿಬ್ಬರೂ ಒಟ್ಟಿಗೇ. ಅವಳು ನಮ್ಮನ್ನು ಒಂದು ಸಲ ನೋಡಿ ರಿಮೋಟನ್ನು ಕುಶನ್ನಿನ ಕೆಳಗೆ ಇಟ್ಟುಬಿಟ್ಟಳು. ಅಡಿಗೆಮನೆಯಲ್ಲಿ ಕುಕ್ಕರು ಸೀಟಿ ಹೊಡೆಯಿತು. ನಾನು ಏಳಲಿಲ್ಲ.

"ನೋಡಿರಲಿಕ್ಕಿಲ್ಲ," ಎಂದೆ. "ಹೊಳ್ಳಿ ನೋಡಿದ್ದರ ಅವನಿಗೆ ಹೋಗಲಿಕ್ಕೆ ಆಗತಿತ್ತೇನು?"

ಅವ್ವ ನನ್ನ ಕಿವಿಯ ಕಡೆ ತಿರುಗಿ ಕೂತಳು. "ನೋಡ್ಯಾನ," ಎಂದಳು. "ನಿನಗೇನ ಗೊತ್ತು?"